ಹತ್ತು ಗಂಟೆಯ ಎಚ್ಚರಿಕೆ

ಬೆಳಿಗ್ಗೆ ಹತ್ತು ಹೊಡೆಯುವುದರೊಳಗೆ ಆಮದಾರ ರಘೋತ್ತಮರಾವ್ ಅವರ ಎಚ್ಚರಿಕೆ ಕ್ಷೇತ್ರದ ಮೊಬೈಲುಗಳಿಗೆಲ್ಲ ಹೋಗಲೇಬೇಕು. ಶಾಸಕರನ್ನು ಮರಾಠಿಯಲ್ಲಿ ಆಮದಾರ ಎನ್ನುತ್ತಾರೆ. ನೀರು ಯಾವ ದಿನ ಬರುತ್ತದೆ, ಯಾವ ಸೇತುವೆ ಬಿರುಕು ಬಿಟ್ಟಿದೆ, ಸರಗಳ್ಳರು ಎಲ್ಲಿ ಸುಳಿದಾಡುತ್ತಿದ್ದಾರೆ, ಎಲ್ಲವನ್ನೂ ಬರೆದು, ಮೇಲೆ ಸಾಹೇಬರ ಕೈಮುಗಿದ ಫೋಟೊ ಹಾಕಿ ವಾಟ್ಸಾಪ್ ಗುಂಪುಗಳಿಗೆ ಕಳಿಸುವವನು ಅವರ ಕಚೇರಿಯ ಬಸವಕುಮಾರ. ಭಾಲ್ಕಿ ಕಡೆಯವನು, ಛತ್ರಪತಿ ಸಂಭಾಜಿನಗರಕ್ಕೆ ಬಂದು ಹನ್ನೆರಡು ವರ್ಷ. ಅವನ ಮರಾಠಿ ಓದಿ ಮರಾಠಿಗರೇ ತಲೆದೂಗುತ್ತಿದ್ದರು. ಅದರ ಜಂಬವೂ ಅವನಿಗೆ ಸ್ವಲ್ಪ ಇತ್ತೆನ್ನಿ.

ಆ ಸೋಮವಾರ ಬರೆಯಲು ಸುದ್ದಿಯೇ ಇರಲಿಲ್ಲ. ಒಂದು ದಿನ ತಪ್ಪಿದರೆ ಜನ ನನ್ನನ್ನು ಮರೆಯುತ್ತಾರೆ ಎನ್ನುವುದು ಸಾಹೇಬರ ದಿನನಿತ್ಯದ ಜಪ. ಒಂಬತ್ತೂವರೆಗೆ ನಾಸಿಕ್ ಹತ್ತಿರದ ನಿಫಾಡ್ ಕಡೆಯಿಂದ ಯಾರೋ ಫಾರ್ವರ್ಡ್ ಮಾಡಿದ ಸುದ್ದಿಯೊಂದು ಸಿಕ್ಕಿತು: ಕಾವಿ ತೊಟ್ಟು ಜೋಳಿಗೆ ಹಾಕಿದ ಒಬ್ಬ ಮಕ್ಕಳ ಹಣೆಗೆ ಬೂದಿ ಹಚ್ಚಿ, ಮಂಕು ಕವಿಸಿ ಎತ್ತಿಕೊಂಡು ಹೋಗುತ್ತಾನಂತೆ. ನಿಜವೇ ಎಂದು ಕೇಳಲು ಬಸವಕುಮಾರ ಠಾಣೆಗೆ ಫೋನ್ ಮಾಡಿದ. ಅವರು ಎತ್ತಲಿಲ್ಲ, ಇವನು ಕಾಯಲಿಲ್ಲ. ಕೇಳಿದ್ದನ್ನು ಕಣ್ಣಾರೆ ಕಂಡವನಂತೆ ಬರೆದು, ಹತ್ತಕ್ಕೆ ಐದು ನಿಮಿಷ ಇರುವಾಗ ಕಳಿಸಿಬಿಟ್ಟ.

ಅದೇ ಬೆಳಿಗ್ಗೆ ಅವನ ಮನೆಗೆ ಶಿವರಾಯ ಸ್ವಾಮಿಗಳು ಬಂದಿದ್ದರು. ಬೀದರ್, ಕಲಬುರಗಿ ಕಡೆಯಿಂದ ಬಂದು ಈ ಊರಲ್ಲಿ ನೆಲೆಸಿದ ಲಿಂಗಾಯತರ ಮನೆಗಳಿಗೆ ಸೋಮವಾರ ಭಿಕ್ಷೆಗೆ ಬರುವ ಮುದಿ ಜಂಗಮರು. ಅವನ ತಾಯಿ ಪಾರ್ವತಿಬಾಯಿ ಜೋಳಿಗೆಗೆ ಹಿಟ್ಟು ಹಾಕಿದ್ದರು. ಅವನ ಮಗಳು ಪ್ರಿಯಾ ತಾನಾಗಿಯೇ ಹಣೆಯೊಡ್ಡಿ ವಿಭೂತಿ ಹಚ್ಚಿಸಿಕೊಂಡಿದ್ದಳು. ಬರೆಯುವಾಗ ಅದು ಬಸವಕುಮಾರನ ನೆನಪಿಗೇ ಬರಲಿಲ್ಲ. ಮನೆಗೆ ಬಂದವರು ಸ್ವಾಮಿಗಳು, ಅವರು ಹಚ್ಚಿದ್ದು ವಿಭೂತಿ; ಬೂದಿ ಹಚ್ಚುವವನು ಇನ್ಯಾರೋ. ನಮ್ಮವರು ಪರರ ಕಣ್ಣಿಗೆ ಹೇಗೆ ಕಾಣುತ್ತಾರೆಂದು ಯಾರು ತಾನೆ ಯೋಚಿಸುತ್ತಾರೆ?

ಮಧ್ಯಾಹ್ನ ಮರುದಿನದ ಸುದ್ದಿಗೆಂದು ಹೊಂಡ ಬಿದ್ದ ರಸ್ತೆಯ ಫೋಟೊ ತೆಗೆಯಲು ಬಿಡಕಿನ್‌ಗೆ ಹೋದ. ಕಾರ್ಖಾನೆ ಕೆಲಸಗಾರರ ವಠಾರದ ಮುಂದೆ ನೂರಿನ್ನೂರು ಜನ. ಯಾರೋ ಕಿರುಚುತ್ತಿದ್ದರು. ಜನರ ಕಾಲುಗಳ ನಡುವೆ ಅವನಿಗೆ ಕಾವಿ ಪಂಚೆ ಕಂಡಿತು, ಚೆಲ್ಲಿದ ಹಿಟ್ಟು ಕಂಡಿತು, ಹಿಟ್ಟಿನಲ್ಲಿ ರಕ್ತ ಕಂಡಿತು.

ಅಲ್ಲಿಗೂ ಭಿಕ್ಷೆಗೆ ಬಂದಿದ್ದ ಶಿವರಾಯ ಸ್ವಾಮಿಗಳ ಒಂದು ಕಣ್ಣು ಆಗಲೇ ಊದಿ ಮುಚ್ಚಿತ್ತು. ಒಬ್ಬ ಅವರ ಗಡ್ಡ ಹಿಡಿದು ಎಳೆಯುತ್ತಿದ್ದ, ಇನ್ನೊಬ್ಬ ಪಕ್ಕೆಗೆ ಒದೆಯುತ್ತಿದ್ದ. ನೀಲಿ ಅಂಗಿಯವನೊಬ್ಬ ಕಬ್ಬಿಣದ ಸಲಾಕೆಯಿಂದ ಮೊಣಕಾಲಿಗೆ ಹೊಡೆದಾಗ ಎಲುಬು ಮುರಿದ ಸದ್ದು ಬಸವಕುಮಾರನಿಗೆ ಕೇಳಿತು. ಅವನು ನುಗ್ಗಿ ಅಡ್ಡ ನಿಂತ.

"ಹೊಡಿಬ್ಯಾಡ್ರಿ! ಇವ್ರು ನಮ್ಮ ಸ್ವಾಮ್ಯಾರ್ ಇದ್ದಾರ್ರಿ!" ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡ. ಆಮೇಲೆ ಮರಾಠಿಯಲ್ಲಿ ಕೂಗಿದ.

"ಇವನೂ ಅವನ ಕಡೆಯವನೇ" ಎಂದು ಯಾರೋ ಕೆನ್ನೆಗೆ ಬಾರಿಸಿದರು. ತುಟಿ ಒಡೆಯಿತು. ನೀಲಿ ಅಂಗಿಯವನು ಮೊಬೈಲನ್ನು ಅವನ ಮೂಗಿಗೆ ತಾಗಿಸಿ ಹಿಡಿದ. "ಓದು! ಖುದ್ದು ಆಮದಾರ ಸಾಹೇಬರು ಕಳಿಸಿದ್ದು. ಅವರು ಸುಳ್ಳು ಹೇಳುತ್ತಾರಾ?"

ತಾನೇ ಬರೆದ ಸಾಲುಗಳು. ಅದು ಸುಳ್ಳೆಂದು ಅದೇ ಗುಂಪುಗಳಿಗೆ ಕಳಿಸಲು ಅವನ ಜೇಬಿನಲ್ಲಿದ್ದ ಫೋನ್ ಸಾಕಿತ್ತು. ಆದರೆ ಹನ್ನೆರಡು ವರ್ಷ ಸಾಹೇಬರನ್ನು ಕೇಳದೆ ಸಾಹೇಬರ ಹೆಸರಿನಲ್ಲಿ ಒಂದು ಅಕ್ಷರ ಕಳಿಸಿದವನಲ್ಲ. ಪಕ್ಕದ ಗೋಡೆಯ ಮರೆಗೆ ಸರಿದು ಅವರಿಗೆ ಫೋನ್ ಹಚ್ಚಿದ.

"ಸುಳ್ಳು ಅಂತ ನಾನು ಹೇಳಿಕೊಳ್ಳಲಾ? ನಾಳೆ ನನ್ನ ಮಾತು ಯಾರು ನಂಬುತ್ತಾರೆ? ಪೊಲೀಸರನ್ನು ಕಳಿಸುತ್ತೇನೆ. ನೀನು ಏನನ್ನೂ ಕಳಿಸಬೇಡ" ಎಂದರು ಸಾಹೇಬರು. ಇವನು ಗೋಗರೆದ. ಅವರು ತಡೆ ಎಂದರು, ಯಾರೊಡನೆಯೋ ಮಾತಾಡಿದರು, ಮತ್ತೆ ತಡೆ ಎಂದರು.

ಗೋಡೆಯ ಆಚೆ ಏಟುಗಳು ಬೀಳುತ್ತಲೇ ಇದ್ದವು. "ಯಪ್ಪಾ, ಸಾಕ್ರಪ್ಪಾ" ಎಂಬ ಮುದಿ ದನಿ ಮೊದಲು ಜೋರಾಗಿತ್ತು, ಆಮೇಲೆ ನರಳಾಟವಾಯಿತು, ಆಮೇಲೆ ಕೇಳಲಿಲ್ಲ. ಆರು ನಿಮಿಷ ಆ ಹೇಡಿ ಫೋನನ್ನು ಕಿವಿಗೊತ್ತಿಕೊಂಡು ನಿಂತಿದ್ದ. ಹೇಡಿ ಎಂಬುದಕ್ಕಿಂತ ಮೃದುವಾದ ಮಾತು ನನಗೆ ಸಿಗುತ್ತಿಲ್ಲ.

ಕೊನೆಗೆ ಸಾಹೇಬರ ಮಾತು ಕತ್ತರಿಸಿ, ಬರೆದ: 'ಬೆಳಗಿನ ಸುದ್ದಿ ಸುಳ್ಳು. ಯಾರನ್ನೂ ಮುಟ್ಟಬೇಡಿ.' ಮೇಲೆ ಅದೇ ಕೈಮುಗಿದ ಫೋಟೊ ಹಾಕಿ ಕಳಿಸಿದ.

ನೆರೆದವರ ಜೇಬುಗಳಲ್ಲಿ ಒಂದರ ಹಿಂದೊಂದು ಮೊಬೈಲುಗಳು ಸದ್ದು ಮಾಡಿದವು. ಜನ ತೆಗೆದು ನೋಡಿದರು, ಪಕ್ಕದವರಿಗೆ ತೋರಿಸಿದರು. ಎತ್ತಿದ ಕೈಗಳು ಇಳಿದವು. ಸಲಾಕೆ ನೆಲಕ್ಕೆ ಬಿತ್ತು. ಅಷ್ಟು ಬೇಗ ನಿಂತಿತು ಎಲ್ಲ.

ಜನ ಬಿಟ್ಟ ದಾರಿಯಲ್ಲಿ ಬಸವಕುಮಾರ ಒಳಗೆ ಹೋದ. ಸ್ವಾಮಿಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ತಲೆಯ ಹಿಂಭಾಗ ಅಂಗೈಗೆ ಮೆತ್ತಗೆ ಹತ್ತಿತು. ಉಸಿರು ಇರಲಿಲ್ಲ.

"ಸ್ವಾಮ್ಯಾರ, ನಾನೇ ಬರದೀನ್ರಿ. ಈ ಕೈಲೇ ಬರದೀನ್ರಿ" ಎಂದು ಎದೆ ಬಡಿದುಕೊಂಡು ಅತ್ತ. ಸುತ್ತ ನಿಂತವರಿಗೆ ಅರ್ಥವಾಗಲಿಲ್ಲ. ತಲೆಯೆತ್ತಿ ಅದನ್ನೇ ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ.

ನೀಲಿ ಅಂಗಿಯವನು ಹೆಣವನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ, ಬಸವಕುಮಾರನನ್ನು ನೋಡಿದ. ಆಮೇಲೆ ಬಗ್ಗಿ ಸಲಾಕೆಯನ್ನು ಎತ್ತಿಕೊಂಡ.

ತಪ್ಪಿಸಿಕೊಳ್ಳಲು ಬಸವಕುಮಾರ ಏಳಲಿಲ್ಲ.