ಎಡಗೈಗೆ ಒಂದು ಸ್ಪ್ಯಾನರ್

"ಅದಲ್ಲ ಮೈವೊರ್, ಅದರ ಪಕ್ಕದ್ದು ಕೊಡು," ಎಂದಳು ಗುನ್ವೋರ್. ಮೇಜಿನ ಮೇಲೆ ಆಗಲೇ ನಾಲ್ಕು ಅಡ್ಜಸ್ಟೆಬಲ್ ಸ್ಪ್ಯಾನರುಗಳು ಮಲಗಿದ್ದವು. ಕಬ್ಬಿಣದಂಗಡಿಯ ಮೈವೊರ್ ಐದನೆಯದನ್ನು ಗೋಡೆಯಿಂದ ಇಳಿಸಿದಳು.

"ಒಂದು ಸ್ಪ್ಯಾನರಿಗೆ ಇಷ್ಟು ಹೊತ್ತಾ ಅಕ್ಕ?" ತಮ್ಮ ರೂನೆ ಸೈಕಲ್ಲಿಗೆ ಒರಗಿ ನಿಂತಿದ್ದ. "ಗಂಡನ್ನ ಆರಿಸೋವಾಗ್ಲೂ ನೀನು ಹಿಂಗೆ ಮಾಡ್ಲಿಲ್ಲ."

"ಅದಕ್ಕೇ ಈಗ ಮಾಡ್ತಿರೋದು."

ಫೆಬ್ರವರಿಯಲ್ಲಿ ಲಕ್ವ ಹೊಡೆದು ಗುನ್ವೋರಳ ಬಲಗೈಯ ಶಕ್ತಿ ಅರ್ಧ ಹೋಗಿತ್ತು. ಕಾಲು ಸರಿಯಾಯಿತು, ಸೈಕಲ್ ತುಳಿಯಲು ಡಾಕ್ಟರೂ ಒಪ್ಪಿದ್ದರು, ರೂನೆ ಮಾತ್ರ ಒಪ್ಪಿರಲಿಲ್ಲ. ಸರೋವರದ ದಂಡೆಯಲ್ಲಿದ್ದ ಅವಳ ಬೇಸಿಗೆಯ ಮರದ ಮನೆಗೆ ಊರಿನಿಂದ ಏಳು ಕಿಲೋಮೀಟರ್ ಕಾಡುದಾರಿ. ಅಲ್ಲಿ ಪಂಚರ್ ಆದರೆ ಕೂಗಿದರೂ ಕೇಳುವವರಿಲ್ಲ. ಕೈಕಾಲು ಆಗದವರಿಗೆ ಪುರಸಭೆ ಕೊಡುವ ಟ್ಯಾಕ್ಸಿಗೆ ಅರ್ಜಿ ಹಾಕು ಎಂದು ಒಂದೇ ಸಮನೆ ತಲೆ ತಿಂದಿದ್ದ. ಕೊನೆಗೆ ಗುನ್ವೋರಳೇ ಪಂಥ ಕಟ್ಟಿದಳು. ಮೈವೊರಳ ಕಣ್ಣೆದುರಿಗೇ ಹಿಂದಿನ ಚಕ್ರವನ್ನು ತಾನೊಬ್ಬಳೇ ಬಿಚ್ಚಿ ಮತ್ತೆ ಹಾಕಬೇಕು. ಹಾಕಿದರೆ ಅವನು ಬಾಯಿ ಮುಚ್ಚಬೇಕು, ಆಗದಿದ್ದರೆ ಸೈಕಲ್ ಅವನ ಶೆಡ್ಡಿಗೆ.

ಮನೆಯಲ್ಲಿದ್ದ ಹಳೆಯ ಸ್ಪ್ಯಾನರಿನ ದವಡೆ ಸಡಿಲವಾಗಿ ನಟ್ಟಿನ ಮೂಲೆಗಳನ್ನೇ ತಿನ್ನುತ್ತಿತ್ತು. ಇಲ್ಲಿದ್ದ ಹತ್ತಿಂಚಿನದು ಭಾರ, ಆರಿಂಚಿನದಕ್ಕೆ ಹಿಡಿ ಸಾಲದು. ಈ ಎಂಟಿಂಚಿನದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸಿದಳು. ದವಡೆ ಕದಲಲಿಲ್ಲ. ಆದರೆ ಬಲಗೈಯ ಹೆಬ್ಬೆರಳು ದವಡೆ ಹೊಂದಿಸುವ ತಿರುಪನ್ನು ತಳ್ಳಿದಾಗ ಮುಚ್ಚಬೇಕಿದ್ದ ಬಾಯಿ ತೆರೆದುಕೊಂಡಿತು.

"ಇದರ ತಿರುಪು ಉಲ್ಟಾ ಗುನ್ವೋರಕ್ಕ. ನಿಮ್ಮ ಹಳೇದರ ಥರದ್ದೂ ಇದೆ, ಕೊಡ್ಲಾ?" ಎಂದಳು ಮೈವೊರ್.

ಐವತ್ತು ವರ್ಷ ಒಂದೇ ಕಡೆ ತಿರುಗಿಸಿದ ಬೆರಳು ಅದು. ಮತ್ತೆರಡು ಸಲವೂ ತಪ್ಪನ್ನೇ ಮಾಡಿತು. ಗುನ್ವೋರ್ ಸ್ಪ್ಯಾನರನ್ನು ಎಡಗೈಗೆ ದಾಟಿಸಿದಳು. ಎರಡು ಸಲ ತಡವರಿಸಿ ಹೆಬ್ಬೆರಳು ದಾರಿ ಕಂಡುಕೊಂಡಿತು.

"ಈ ಕೈಗೆ ಹಳೇದೇನೂ ಗೊತ್ತಿಲ್ಲ. ಇದೇ ಇರ್ಲಿ."

ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಹಿಂದಿನ ಚಕ್ರವನ್ನು ಚೌಕಟ್ಟಿಗೆ ಹಿಡಿದಿದ್ದ ಬ್ರೇಕಿನ ಪಟ್ಟಿಯ ಸಣ್ಣ ನಟ್ಟು ಸುಲಭವಾಗಿ ಬಂತು. ಅದೇ ದವಡೆಯನ್ನು ಅಗಲಿಸಿ ಚಕ್ರದ ದೊಡ್ಡ ನಟ್ಟಿಗೆ ಕೂರಿಸಿದಳು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. ಹಿಡಿಯ ಮೇಲೆ ಮೈಭಾರವನ್ನೆಲ್ಲ ಬಿಟ್ಟಳು, ಹಣೆಯಲ್ಲಿ ಬೆವರೊಡೆಯಿತು. ಇನ್ನೊಂದು ಪಕ್ಕದ್ದೂ ಹಾಗೆಯೇ. ಸೈಕಲ್ ಕೈತಪ್ಪಿತು ಎಂದು ಅವಳಿಗೆ ಆಗಲೇ ಅಳು ಬರುವಂತಾಯಿತು.

ಮೈವೊರ್ ಬಗ್ಗಿ ನೋಡಿದಳು. "ಇದನ್ನ ಬಿಗಿ ಮಾಡಿದ್ದು ಯಾರು? ವಾಷರ್ ಒಳಗೇ ಕಚ್ಕೊಂಡಿದೆ. ಸ್ಪ್ಯಾನರಿಗೆ ಪೈಪ್ ಸಿಗಿಸಿ ಎಳೆದಿದಾರೆ."

ಪಂಥ ಕಟ್ಟಿದ ಮೇಲೆ ಭಾನುವಾರ ಗಾಳಿ ಹೊಡೆಯುತ್ತೇನೆಂದು ಸೈಕಲ್ಲನ್ನು ಶೆಡ್ಡಿಗೆ ಒಯ್ದವನು ರೂನೆ. ಅವನ ಕಿವಿಗಳು ಕೆಂಪಾದವು.

"ನಾನೇ," ಎಂದ. "ಅಡುಗೆಮನೆ ನೆಲದ ಮೇಲೆ ನೀನು ಬಿದ್ದಿದ್ದನ್ನ ನೋಡಿದ್ದು ನಾನು. ಕಾಡಲ್ಲಿ ಬಿದ್ರೆ ಯಾರು ನೋಡ್ತಾರೆ? ನಂಗೆ ಭಯ ಆಗುತ್ತೆ ಅಕ್ಕ."

ಸ್ಪ್ಯಾನರನ್ನು ಅವನ ಮೇಲೆ ಎಸೆಯುವಷ್ಟು ಸಿಟ್ಟು ಬಂತು ಗುನ್ವೋರಳಿಗೆ. ಭಯ ಎಂಬ ಮಾತು ಅರವತ್ತು ದಾಟಿದ ಈ ಗಂಡಸಿನ ಬಾಯಿಂದ ಬಂದದ್ದು ಇದೇ ಮೊದಲು, ಅದೂ ಅವಳಿಗೆ ತಿಳಿಯಿತು.

"ಅದನ್ನ ನಂಗೆ ಹೇಳೋದು ಬಿಟ್ಟು ನಟ್ಟಿಗೆ ಯಾಕೋ ಹೇಳ್ದೆ? ಬಿಗಿ ಮಾಡಿದೋನು ನೀನೇ ಸಡಿಲ ಮಾಡು. ಒಂದೊಂದು ಕಡೆ ಒಂದು ಸುತ್ತು, ಅಷ್ಟೇ. ಆಮೇಲೆ ದೂರ ನಿಲ್ಲು."

ರೂನೆ ಅಂಗಡಿಯ ದೊಡ್ಡ ಸ್ಪ್ಯಾನರಿನಿಂದ ಎರಡೂ ಕಡೆ ಒಂದೊಂದು ಸುತ್ತು ಸಡಿಲಿಸಿ ಬಾಗಿಲ ಬಳಿ ಹೋಗಿ ನಿಂತ.

ಉಳಿದದ್ದಕ್ಕೆ ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಚೈನು ಎರಡು ಸಲ ಜಾರಿತು. ಚಕ್ರವನ್ನು ಬಲಮೊಣಕೈಯಲ್ಲಿ ಅದುಮಿ ಹಿಡಿದು ಎಡಗೈಯಲ್ಲಿ ನಟ್ಟು ಕೂರಿಸಿದಳು. ಒಮ್ಮೆ ರೂನೆ ಮುಂದೆ ಬಂದ, ಮೈವೊರ್ ಕೆಮ್ಮಿದಳು, ಹಿಂದೆ ಸರಿದ. ಕೊನೆಗೆ ಬ್ರೇಕಿನ ಪಟ್ಟಿಯನ್ನೂ ಬಿಗಿದು ಪೆಡಲ್ ತಿರುಗಿಸಿದಾಗ ಚಕ್ರ ನೆಟ್ಟಗೆ ತಿರುಗಿತು.

"ಗುರುವಾರ ಸರೋವರದ ಮನೆಗೆ ಹೋಗ್ತೀನಿ," ಎಂದಳು.

"ಹೂಂ," ಎಂದ ರೂನೆ. "ತಲುಪಿದ ಕೂಡ್ಲೇ ಫೋನ್ ಮಾಡು."

"ಮಾಡ್ತೀನಿ."

ಎಡಗೈಯೆಲ್ಲ ಗ್ರೀಸ್ ಆಗಿತ್ತು. ಮೈವೊರ್ ಕೊಟ್ಟ ಹಳೆಬಟ್ಟೆಯನ್ನು ಬಲಗೈಯಿಂದ ಹಿಡಿಯಲು ನೋಡಿದಳು, ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಹಿಡಿದಳು, ಮತ್ತೆ ಬಿತ್ತು. ಆಗ ಎಡಗೈಯನ್ನು ತಮ್ಮನತ್ತ ಚಾಚಿದಳು. ರೂನೆ ಬಟ್ಟೆ ಎತ್ತಿಕೊಂಡು, ಹೆಬ್ಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳನ್ನು ಉಗುರಿನ ಸುತ್ತಲೂ ಒರೆಸತೊಡಗಿದ.