ಇಂದ್ರೇಶ್ ಬರಬೇಕಾದ ಮನೆ

ಓಣಿಯಲ್ಲಿ ಅಣ್ಣನ ಚಟ್ಟದ ಹಗ್ಗ ಬಿಗಿಯುತ್ತಿದ್ದ ಗಿಡ್ಡಪ್ಪನ ಕೈಯನ್ನು ತಾಯಿ ಮಾರಮ್ಮ ಹಿಡಿದುಕೊಂಡಳು.

"ಇಂದ್ರೇಶಪ್ಪ ಬರಲಿ, ತಡಿ."

"ಬಿಸಿಲೇರ್ತಾ ಐತೆ ಅವ್ವಾ. ಅಣ್ಣ ಬದುಕಿದ್ದಾಗ ಬರದೋನು ಈಗ ಬತ್ತಾನಾ?"

ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಸ್ವಾಮಿ ಹಿಂದಿನ ಸಂಜೆ ಡ್ಯೂಟಿ ಮುಗಿಸಿ ಬಂದವನು ಎದೆ ಹಿಡಿದುಕೊಂಡು ಕುಸಿದಿದ್ದ. ಅವನ ಬಗ್ಗೆ ಊರಿಗೆ ಗೊತ್ತಿದ್ದದ್ದು ಒಂದೇ ಸಂಗತಿ. ಹಾಸನದಲ್ಲಿ ದೊಡ್ಡ ಅಧಿಕಾರಿಯಾಗಿರುವ ಇಂದ್ರೇಶ್ ಅವನ ಜೀವದ ಗೆಳೆಯ; ಫಾದರ್‌ಗಳ ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ಇಂದಲ್ಲ ನಾಳೆ ನಮ್ಮನೆಗೆ ಬಂದೇ ಬರುತ್ತಾನೆ ಎಂದು ಸ್ವಾಮಿ ಹೇಳಿಕೊಂಡು ತಿರುಗುತ್ತಿದ್ದ. ಟೀ ಅಂಗಡಿಯವರು, ಎಲ್ಲಪ್ಪಾ ನಿನ್ನ ಸಾಹೇಬರು, ಎಂದು ಕಾಲೆಳೆದರೆ ನಕ್ಕುಬಿಡುತ್ತಿದ್ದ. ಆ ನಗುವಿನ ಸಂಕಟ ಹೆಂಡತಿ ಯಶೋಧರಾಗೆ ಮಾತ್ರ ಗೊತ್ತಿತ್ತು.

*

ಐದಾರು ವರ್ಷದ ಹಿಂದೆ ಶಾಲೆಯ ಬೆಳ್ಳಿಹಬ್ಬ. ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು: ಒಬ್ಬ ಸರ್ಜನ್, ಒಬ್ಬ ಜಡ್ಜು, ಮತ್ತು ಇಂದ್ರೇಶ್. ಮೈಕಿನ ಮುಂದೆ ಬಂದ ಇಂದ್ರೇಶ್, ತಾನು ಲೆಕ್ಕದಲ್ಲಿ ಪಾಸಾದದ್ದೇ ಸ್ವಾಮಿ ಹೇಳಿಕೊಟ್ಟಿದ್ದರಿಂದ ಎಂದರು. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿದ್ದ ಸ್ವಾಮಿ ಎದ್ದು ನಿಂತವನು ಕೂರುವುದನ್ನೇ ಮರೆತ.

ಕಾರ್ಯಕ್ರಮ ಮುಗಿದ ಮೇಲೆ ಸ್ವಾಮಿ ಜನರ ನಡುವೆ ನುಗ್ಗಿ ಇಂದ್ರೇಶ್‌ರನ್ನು ಊಟಕ್ಕೆ ಕರೆದ. ಮನೆ ಶಾಲೆಯ ಕಾಂಪೌಂಡಿನ ಹಿಂದೆಯೇ, ಅಡಿಗೆ ಆಗಿದೆ ಎಂದ.

ಇಂದ್ರೇಶ್ ಅವನ ಭುಜ ತಟ್ಟಿದರು. "ಇವತ್ತು ಬೇಡ ಕಣೋ. ಮುಂದಿನ ಸಲ ಖಂಡಿತ."

ಇಂದ್ರೇಶ್ ಓಣಿಯ ಮೂಲೆಯವರೆಗೂ ಬಂದಿದ್ದರು, ಅಷ್ಟರಲ್ಲಿ ಫೋನು ಬಂತು ಎಂದು ಸ್ವಾಮಿ ತಾಯಿಗೆ ಸುಳ್ಳು ಹೇಳಿದ. ಮಾರಮ್ಮ ಕೇಳಿದಳು:

"ಲೆಕ್ಕ ಹೇಳ್ಕೊಡಾಕೆ ವರ್ಷಗಟ್ಟಲೆ ಅವರ ಮನೆಗೆ ಹೋದ್ಯಲ್ಲ, ಜಗಲಿ ದಾಟಿ ಒಳಕ್ಕೋಗಿದ್ದೇನ್ಲಾ?"

"ಅದಿರ್ಲಿ ಬಿಡವ್ವ. ಅವನು ನಮ್ಮನೆ ಒಳಕ್ಕೆ ಬರಲಿ."

*

ಹಗ್ಗ ಬಿಗಿದು ಮುಗಿಯುವಷ್ಟರಲ್ಲಿ ಕಾರು ಬಂತು. ಹೂವಿನ ಹಾರ ಹಿಡಿದು ಇಳಿದ ಇಂದ್ರೇಶ್ ಚಟ್ಟದ ಪಕ್ಕ ಕೂತು ನಿಜವಾಗಿಯೇ ಅತ್ತರು. ಹೆಗಲನ್ನೂ ಕೊಟ್ಟರು. ಯಶೋಧರಾಳ ಕಡೆಯವರು 'ಬುದ್ಧಂ ಶರಣಂ ಗಚ್ಛಾಮಿ' ಹೇಳುತ್ತಿದ್ದಾಗ ಗುಂಡಿಗೆ ಹಿಡಿ ಮಣ್ಣನ್ನೂ ಹಾಕಿದರು. ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಸ್ವಾಮಿ ಎಂದೋ ಮರೆತು ಹಾಯಾಗಿರುತ್ತಿದ್ದ.

ಮಣ್ಣಿಗೆ ಹೋದವರು ಸತ್ತವರ ಮನೆಗೆ ಬಂದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿಕೊಂಡೇ ಹೊರಡಬೇಕು. ಇಂದ್ರೇಶ್ ಎಲ್ಲರೊಂದಿಗೆ ನಡೆದು ಬಂದರು. ಗಿಡ್ಡಪ್ಪ ಮುಂಚೆಯೇ ಓಡಿಬಂದು, ನಡುಮನೆಯ ದೀಪವನ್ನು ಎತ್ತಿ ಹೊಸಿಲ ಹತ್ತಿರ ಇಟ್ಟಿದ್ದ.

"ಒಳಗೆ ಬರೋ ತೊಂದ್ರೆ ಬ್ಯಾಡಿ ಸಾರ್. ಇಲ್ಲಿಂದ್ಲೇ ಕಾಣ್ತೈತೆ."

ಅದು ಕುಹಕವಾಗಿರಲಿಲ್ಲ. ದೊಡ್ಡವರನ್ನು ಮುಜುಗರಕ್ಕೆ ಸಿಕ್ಕಿಸಬಾರದೆಂದು ಅಪ್ಪನಿಂದ ಕಲಿತ ಮರ್ಯಾದೆ. ಬೆಳಿಗ್ಗೆ ಅಷ್ಟು ಸಿಟ್ಟು ಮಾಡಿದವನು ಸಾಹೇಬರ ಎದುರಿಗೆ ಆ ಮರ್ಯಾದೆಯನ್ನೇ ಪಾಲಿಸಿದ್ದ. ಇಂದ್ರೇಶ್ ಹಗುರಾದವರಂತೆ ಉಸಿರು ಬಿಟ್ಟು, ಬೀದಿಯಲ್ಲೇ ನಿಂತು ಕೈ ಮುಗಿಯಹೋದರು.

ಗೋಡೆಗೊರಗಿ ಕೂತಿದ್ದ ಮಾರಮ್ಮ ಎದ್ದಳು. ಯಾರನ್ನೂ ನೋಡಲಿಲ್ಲ. ದೀಪವನ್ನೆತ್ತಿ, ಗಾಳಿಗೆ ಅಂಗೈ ಅಡ್ಡ ಹಿಡಿದು, ನಡುಮನೆಯಲ್ಲೂ ನಿಲ್ಲದೆ ಅಡಿಗೆ ಮನೆಗೆ ಹೋದಳು. ಬಾಗಿಲಲ್ಲಿ ಕತ್ತಲಷ್ಟೇ ಉಳಿಯಿತು.

"ದೀಪ ಒಳಗೈತೆ ಕಣಪ್ಪ," ಎಂದಿತು ಅವಳ ದನಿ.

ಗಾಬರಿಯಾಗಿ ಒಳಗೆ ಹೊರಟ ಗಿಡ್ಡಪ್ಪನನ್ನು ಯಶೋಧರಾ ಕೈ ಅಡ್ಡ ಇಟ್ಟು ತಡೆದಳು. ಡ್ರೈವರ್ ಕಾರಿನ ಬಾಗಿಲು ತೆಗೆದು ಹಿಡಿದುಕೊಂಡೇ ಇದ್ದ. ಇಂದ್ರೇಶ್ ಅತ್ತ ಒಮ್ಮೆ ನೋಡಿದರು, ಇತ್ತ ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ ಬಾಗಿ ಶೂ ಲೇಸಿಗೆ ಕೈ ಹಾಕಿದರು. ಗಂಟು ಬಿಗಿದುಕೊಂಡಿತ್ತು. ಓಣಿಯ ಜನ ಅವರ ಬೆರಳುಗಳನ್ನೇ ನೋಡುತ್ತಿದ್ದರು.