ಮೂರು ಬೆರಳು ಗಿಡ್ಡವಾದ ತೋಳು

ಅತ್ಯಂತ ಗಂಭೀರವಾದ ವಿಷಯವೊಂದನ್ನು ಸಾರ್ವಜನಿಕರ ಗಮನಕ್ಕೆ ತರಬೇಕಾಗಿದೆ. ನಮ್ಮ ಬೀದಿಯ ಟೈಲರ್ ಹೊಲಿದ ಶಾಲೆಯ ಅಂಗಿಯೊಂದರ ತೋಳು ಮೂರು ಬೆರಳು ಗಿಡ್ಡವಾಗಿದೆ.

ಇಪ್ಪತ್ತು ವರ್ಷದಲ್ಲಿ ಒಂದು ಗುಂಡಿಯೂ ಆಚೀಚೆ ಆಗದ ಕೈ ಅದು. ಅಂಗಿ ವಾಪಸು ತಂದವರು ಬೇರೆ ಯಾರಾದರೂ ಆಗಿದ್ದರೆ ಬಟ್ಟೆ ಕುಗ್ಗಿತೆಂದು ಹೇಳಿ ಸಾಗಹಾಕಬಹುದಿತ್ತು. ತಂದವಳು ಸ್ವಂತ ಮಗಳು.

"ಅಪ್ಪಾ, ಇದು ನನ್ನ ಗೊಂಬೆಗಾ?" ಎಂದಳು ಪುಟ್ಟಿ. ವಯಸ್ಸು ಹತ್ತು, ಬಾಯಿಗೆ ಮೂವತ್ತು.

"ಅಳತೆ ಪುಸ್ತಕ ನೋಡೇ ಹೊಲಿದಿದ್ದು ಕಣೇ!"

ಪುಸ್ತಕದ ಅಳತೆ ಸರಿಯಾಗಿಯೇ ಇತ್ತು. ಆದರೆ ಅದು ಗಂಡಹೆಂಡತಿ ಬೇರೆಯಾಗುವ ಮುಂಚಿನದು, ಒಂದೂವರೆ ವರ್ಷ ಹಳೆಯದು.

ಬೇರೆಯಾದಾಗ ಮಗಳು ತಾಯಿಯ ಜೊತೆ ಹೋದಳು. ಇಬ್ಬರೂ ದುಡಿದು ಕೊಂಡ ಹೊಸ ಹೊಲಿಗೆ ಯಂತ್ರವೂ ಹೋಯಿತು. ಯಂತ್ರ ಯಾರದೆಂಬ ಕೇಸು ಕೋರ್ಟಿನಲ್ಲಿದೆ. ಮಗಳ ಖರ್ಚಿಗೆ ತಿಂಗಳಿಗಿಷ್ಟು ಕೊಡಬೇಕೆಂದು ಅದೇ ಕೋರ್ಟು ಹೇಳಿತ್ತು. ಟೈಲರ್ ಕೊಡುತ್ತಲೂ ಇದ್ದರು. ನಾಲ್ಕು ತಿಂಗಳಿಂದ ನಿಲ್ಲಿಸಿದ್ದರು. ಮೊದಲು ಯಂತ್ರ ಬರಲಿ, ಆಮೇಲೆ ದುಡ್ಡು ಹೋಗಲಿ ಎಂಬುದು ಅವರ ಧರ್ಮಯುದ್ಧ. ಅಂದಿನಿಂದ ಮಗಳ ಮುಖ ನೋಡಲು ಏನೋ ಮುಜುಗರ. ಹಾಗಾಗಿ ಅಳತೆಗೂ ಕರೆಯದೆ ಅಂಗಿ ಹೊಲಿದು ಕಳಿಸಿದ್ದರು.

"ನೀನು ಮಾಡಿದ್ದೇ ಸರಿ," ಎಂದರು ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಟೈಲರರ ಅಕ್ಕ. "ದುಡ್ಡು ಕೊಟ್ರೆ ಅವಳು ಲಿಪ್‌ಸ್ಟಿಕ್ ತಗೋತಾಳೆ. ಆಸ್ಪತ್ರೆ ಕ್ಯಾಂಟೀನಲ್ಲಿ ಅವಳಿಗೂ ಸಂಬಳ ಬರಲ್ವಾ?"

"ಅಮ್ಮ ಲಿಪ್‌ಸ್ಟಿಕ್ ಹಚ್ಚಲ್ಲ ಅತ್ತೆ. ನೀವೇ ಹಚ್ಚೋದು."

ಬೆಂಚಿನ ಮೇಲೆ ಕೂತಿದ್ದ ವಕೀಲಮ್ಮ ನಕ್ಕುಬಿಟ್ಟರು. ಉಚಿತ ಕಾನೂನು ನೆರವು ಕೇಂದ್ರದವರು; ಬೀದಿಗೆಲ್ಲ ಗೊತ್ತಿದ್ದ ಈ ಜಗಳ ಅವರಿಗೂ ಗೊತ್ತಿತ್ತು. ಕರಿ ಕೋಟಿನ ಹರಿದ ಲೈನಿಂಗ್ ಹೊಲಿಸಲು ಬಂದಿದ್ದರು.

"ಟೈಲರೇ, ಒಬ್ಬರು ಕೋಟಿನ ಕೂಲಿ ಕೊಟ್ಟಿಲ್ಲ ಅಂತ ಇನ್ನೊಬ್ಬರ ಅಂಗಿ ಹಿಡಿದಿಟ್ಕೋತೀರಾ?"

"ಛೆ ಛೆ, ಅದು ಹ್ಯಾಗಾಗುತ್ತೆ?"

"ಇದೂ ಹಾಗೇ. ಯಂತ್ರದ ಜಗಳ ನಿಮ್ಮಿಬ್ಬರದು. ಮಗಳ ದುಡ್ಡು ಮಗಳದು. ಕೇಸು ಮುಗಿಯೋಕೆ ಎರಡು ವರ್ಷ ಆಗಬಹುದು. ಅಲ್ಲೀವರೆಗೂ ಬೆಳೀಬೇಡ ಅಂತ ಈ ತೋಳಿಗೆ ಹೇಳೋರ್ಯಾರು?"

"ವ್ಯಾಪಾರ ಬಿದ್ದೋಗಿದೆ ಮೇಡಂ. ಎಲ್ರೂ ರೆಡಿಮೇಡ್ ತಗೋತಾರೆ."

"ಅದನ್ನ ಕೋರ್ಟಿಗೆ ಹೇಳಿ. ಕಡಿಮೆ ಮಾಡಿ ಅಂತ ಅರ್ಜಿ ಹಾಕಿ. ನೀವೇ ಕತ್ತರಿ ಆಡಿಸಿದ್ರೆ ಬಾಕಿ ಬೆಳೀತಾ ಹೋಗುತ್ತೆ. ಅಂಗಿ ಕೊಟ್ಟೆ, ಗೊಂಬೆ ಕೊಟ್ಟೆ ಅಂದ್ರೆ ತೀರಲ್ಲ."

"ನಾಳೆ ಅವಳು ಮಗೂನ ಕಳಿಸದೇ ಇದ್ರೆ?" ಅಕ್ಕ ಬಿಡಲಿಲ್ಲ.

"ಅದಕ್ಕೂ ಕೋರ್ಟಿದೆ. ಮಗು ಖರ್ಚು ನಿಲ್ಲಿಸೋದು ಅದಕ್ಕೆ ಉತ್ತರ ಅಲ್ಲಮ್ಮ."

ಟೈಲರ್ ಹೊಸ ಅಳತೆಗೆ ಟೇಪು ತೆಗೆದರು. ಅಳತೆ ಕೊಡುವಾಗ ಅಲುಗಾಡದಿರಲೆಂದು ಮಗಳಿಗೆ ಹಳೆಯ ಆಟವೊಂದನ್ನು ಕಲಿಸಿದ್ದರು: ಎದುರಂಗಡಿಯ ಬೋರ್ಡು ಓದುವುದು.

"ಓದು ಪುಟ್ಟಿ."

"ಕಾಣಲ್ಲಪ್ಪ."

"ಮುಂಚೆ ಗಡಗಡ ಓದ್ತಿದ್ಯಲ್ಲ?"

"ಈಗ ಎಲ್ಲ ಮಂಜು ಮಂಜು. ಕನ್ನಡಕ ಬೇಕಂತೆ. ಅಮ್ಮ ಬರೋ ತಿಂಗಳು ಅಂದಿದ್ದಾಳೆ." ಪುಟ್ಟಿ ಬೆರಳು ಮಡಿಚಿದಳು. "ಬರೋ ತಿಂಗಳು ಮೂರು ಸಲ ಬಂದು ಹೋಯ್ತು."

ಟೈಲರ್ ಕೈಯಿಂದ ಟೇಪು ಜಾರಿತು. ಮೂಲೆಯಲ್ಲಿ ಸೂಜಿ ನಿಂತಿತು.

"ಏನೋ ನೋಡ್ತಾ ನಿಂತಿದ್ದೀಯ?" ಗದರಿದವರು ಅಕ್ಕನೇ. "ಹೋಗಿ ಅವಳಮ್ಮನ ಬ್ಯಾಂಕ್ ಖಾತೆಗೆ ದುಡ್ಡು ಕಟ್ಟು! ರಸೀತಿ ಇಸ್ಕೊಂಡು ಜೋಪಾನ ಮಾಡು!"

"ನಾಲ್ಕು ತಿಂಗಳದ್ದೂ ಒಟ್ಟಿಗೆ ಇಲ್ಲ ಅಕ್ಕ."

"ಇದ್ದಷ್ಟು ಕಟ್ಟೋ. ಉಳಿದಿದ್ದನ್ನ ಕಂತಲ್ಲಿ ಕಟ್ಟೋಕೆ ಮೇಡಂ ಅರ್ಜಿ ಬರೀತಾರೆ. ಲೈನಿಂಗ್ ಪುಕ್ಕಟೆ ಹೊಲಿದುಕೊಡೋಣ."

"ಲೈನಿಂಗಿಗೆ ದುಡ್ಡು ಕೊಡ್ತೀನಿ," ಎಂದರು ವಕೀಲಮ್ಮ. "ಅರ್ಜಿ ಪುಕ್ಕಟೆ."

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಜಗಳವಾಡಲು ನಿಮಗೆ ಪೂರ್ತಿ ಹಕ್ಕಿದೆ. ನಿಧಾನವಾಗಿ ಆಡಿ, ಕೋರ್ಟು ಎಲ್ಲಿಗೂ ಓಡಿಹೋಗುವುದಿಲ್ಲ. ಮಗುವಿನ ದುಡ್ಡು ಮಾತ್ರ ಆಯಾ ತಿಂಗಳೇ ಸೇರಲಿ. ಕೈ ಬಿಗಿಯಾಗಿದೆಯೆಂದರೆ ಹತ್ತಿರದ ಕಾನೂನು ನೆರವು ಕೇಂದ್ರದಲ್ಲಿ ವಿಚಾರಿಸಿ. ಕೇಳಲು ಕಾಸು ಬೇಕಿಲ್ಲ.

ಯಂತ್ರದ ಕೇಸು ಇನ್ನೂ ನಡೆಯುತ್ತಿದೆ. ಪುಟ್ಟಿಗೆ ಕನ್ನಡಕ ಬಂದಿದೆ.